ಮೋಟಾರು ಗಾಡಿಯ ಅಡಿಲೇಪ: ತುಕ್ಕಿನ ಚರಿತ್ರೆಯಲ್ಲಿ ಒಂದು ಅಧ್ಯಾಯ

ಹಳೆಯ ಮೋಟಾರು ಗಾಡಿಗಳನ್ನು ಸಂಗ್ರಹಿಸಿ, ಜೀರ್ಣೋದ್ಧಾರ ಮಾಡಿ, ಪ್ರದರ್ಶನಕ್ಕಿಡುವ ಪದ್ಧತಿಯು ಈಗ ನಮ್ಮ ನಾಡಿನಲ್ಲಿಯೂ ಬೇರೂರಿದೆ. ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯದಲ್ಲಿಯೂ ಇಂತಹ ಗಾಡಿಗಳ ಸಾಲನ್ನು ನೋಡಿ ಬಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಅನೇಕರಿದ್ದಾರೆ. ನೋಡುವವರ ದೃಷ್ಟಿ ಸಹಜವಾಗಿಯೇ ಮೇಲ್ಮೈಯ ಬಣ್ಣ, ದೀಪಗಳ ಹಿತ್ತಾಳೆ, ಆಸನದ ತೊಗಲು ಇವುಗಳ ಮೇಲೆ ನಿಲ್ಲುತ್ತದೆ. ಗಾಡಿಯ ಕೆಳಗೆ ಬಗ್ಗಿ ನೋಡುವವರು ವಿರಳ. ಆದರೆ ಶಾಸನದ ಕಲ್ಲಿಗೆ ಹಿಂಬದಿಯೂ ಒಂದಿರುವಂತೆ, ಮೋಟಾರು ಗಾಡಿಗೂ ಒಂದು ತಳಭಾಗವುಂಟು. ಆ ಗಾಡಿಯ ನಿಜವಾದ ಚರಿತ್ರೆಯು ಬಹುಮಟ್ಟಿಗೆ ಅಲ್ಲಿಯೇ ಬರೆದಿರುತ್ತದೆ. ೧೯೫೦, ೧೯೬೦ರ ದಶಕಗಳ ಗಾಡಿಯೊಂದರ ತಳವನ್ನು ಪರೀಕ್ಷಿಸಿದಾಗ ಅನೇಕ ವೇಳೆ ಕಾಣುವುದು ರೊಟ್ಟಿಯಷ್ಟು ದಪ್ಪನಾದ, ಕರಿಯ, ಒರಟಾದ ಒಂದು ಲೇಪ. ಈ ಲೇಪವು ಎಲ್ಲಿಂದ ಬಂತು, ಯಾವ ಉದ್ದೇಶಕ್ಕಾಗಿ ಬಂತು, ಅದು ನಿಜವಾಗಿ ಉಕ್ಕನ್ನು ರಕ್ಷಿಸಿತೆ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲಾಗಿದೆ.

ಮೊದಲಿಗೆ ಪರಿಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ‘ಅಂಡರ್‌ಕೋಟ್’ ಎಂಬ ಒಂದೇ ಪದವು ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಮೇಲಿನ ಬಣ್ಣಕ್ಕೆ ಮುಂಚೆ ಬಳಿಯುವ ಪೂರ್ವಲೇಪ ಒಂದು. ಗಾಡಿಯ ತಳಕ್ಕೆ ಬಳಿಯುವ ದಪ್ಪ ರಕ್ಷಾಲೇಪ ಇನ್ನೊಂದು. ಎರಡನೆಯದನ್ನು ಇಲ್ಲಿ ‘ಅಡಿಲೇಪ’ವೆಂದು ಕರೆದಿದೆ. ಈ ಎರಡನ್ನೂ ಬೆರೆಸಿದ್ದರಿಂದ ಆದ ಗೊಂದಲವು ಕೇವಲ ಶಬ್ದಗಳದಲ್ಲ. ಪೂರ್ವಲೇಪ ಮಾಡಬೇಕಾದ ಕೆಲಸವನ್ನು ಅಡಿಲೇಪವು ಮಾಡಿಬಿಡುತ್ತದೆಂಬ ನಂಬಿಕೆ ಬಹುಕಾಲ ಉಳಿದುದಕ್ಕೆ ಈ ಹೆಸರಿನ ಗೊಂದಲವೂ ಒಂದು ಕಾರಣವೆಂದು ತೋರುತ್ತದೆ.

ಕಬ್ಬಿಣಕ್ಕೆ ಏನನ್ನಾದರೂ ಬಳಿದು ತುಕ್ಕನ್ನು ತಡೆಯುವ ಯತ್ನ ಬಹಳ ಪ್ರಾಚೀನವಾದುದು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯಲ್ಲಿ ಬಿಳಿಸೀಸ, ಜಿಪ್ಸಂ ಮತ್ತು ದ್ರವರೂಪದ ಮರದ ರಾಳ ಇವುಗಳಿಂದ ಕಬ್ಬಿಣವನ್ನು ಕಾಪಾಡುವ ಕ್ರಮವನ್ನು ಹೇಳಿದ್ದಾನೆ. ಇಲ್ಲಿ ಗಮನಾರ್ಹವಾದುದು, ಮುಂದಿನ ಹತ್ತೊಂಬತ್ತು ಶತಮಾನಗಳ ಎರಡು ಮುಖ್ಯ ಸಂಪ್ರದಾಯಗಳೂ ಆ ಒಂದೇ ಪಟ್ಟಿಯಲ್ಲಿ ಅಡಗಿರುವುದು. ಸೀಸದ ಸಂಯುಕ್ತವನ್ನು ಎಣ್ಣೆಯಲ್ಲಿ ಅರೆದು ಬಳಿಯುವುದು ಒಂದು ಸಂಪ್ರದಾಯ. ಅದರಿಂದ ಹತ್ತೊಂಬತ್ತನೆಯ ಶತಮಾನದ ಸೇತುವೆಗಳಿಗೂ ಹಡಗುಗಳಿಗೂ ಬಳಿಯುತ್ತಿದ್ದ ಕೆಂಪುಸೀಸ ಬಂತು. ನಮ್ಮಲ್ಲಿ ಸಿಂಧೂರವೆಂದು ಪ್ರಸಿದ್ಧವಾದ ಪದಾರ್ಥವೇ ಇದು. ಅಗಸೆ ಎಣ್ಣೆಯಲ್ಲಿ ಕಲಸಿ ಬಳಿದರೆ ಉಕ್ಕಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ರಾಳ, ಕೀಲು, ಡಾಂಬರು ಇವುಗಳಿಂದ ಮುಚ್ಚುವುದು ಎರಡನೆಯ ಸಂಪ್ರದಾಯ. ಒಂದು ರಾಸಾಯನಿಕ ಕ್ರಿಯೆಯಿಂದ ರಕ್ಷಿಸುತ್ತದೆ, ಇನ್ನೊಂದು ಬರಿಯ ಹೊದಿಕೆಯಾಗಿ. ಈ ಭೇದವು ಬಳಿಯುತ್ತಿದ್ದವರಿಗೆ ತಿಳಿದಿರಲಿಲ್ಲ, ತಿಳಿಯುವ ಅವಶ್ಯಕತೆಯೂ ಇರಲಿಲ್ಲ. ಮೂರನೆಯ ಮಾರ್ಗವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ತೆರೆಯಿತು. ೧೮೨೪ರಲ್ಲಿ ಸರ್ ಹಂಫ್ರಿ ಡೇವಿಯು ಹಡಗಿನ ತಾಮ್ರದ ಹೊದಿಕೆಗೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ತಗುಲಿಸಿ, ಆ ತುಂಡು ಸವೆಯುವುದರಿಂದ ತಾಮ್ರ ಉಳಿಯುವುದೆಂದು ತೋರಿಸಿದನು. ೧೮೩೭ರಲ್ಲಿ ಫ್ರಾನ್ಸಿನ ಸೊರೆಲನು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಒಂದು ಲೋಹವು ಇನ್ನೊಂದಕ್ಕಾಗಿ ತನ್ನನ್ನು ತೆತ್ತುಕೊಳ್ಳುವ ಈ ಮಾರ್ಗವು ಮೋಟಾರು ಗಾಡಿಗೆ ಪೂರ್ಣವಾಗಿ ದಕ್ಕಲು ಮತ್ತೂ ನೂರೈವತ್ತು ವರ್ಷಗಳು ಬೇಕಾದವು.

ಆರಂಭದ ಮೋಟಾರು ಗಾಡಿಗಳಿಗೆ ಅಡಿಲೇಪವೆಂಬುದೇ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲವೆನ್ನಬಹುದು. ಆಗಿನ ಗಾಡಿಯೆಂದರೆ ದಪ್ಪ ಉಕ್ಕಿನ ತೊಲೆಗಳಿಂದ ಮಾಡಿದ ಒಂದು ಚೌಕಟ್ಟು. ಅದರ ಮೇಲೆ ಮರದ ಅಸ್ಥಿಪಂಜರಕ್ಕೆ ತಗಡನ್ನು ಮೊಳೆಹೊಡೆದು ಕೂರಿಸಿದ ಮೇಲ್ಕಟ್ಟು. ಚೌಕಟ್ಟಿಗೆ ತುಕ್ಕು ಹಿಡಿದರೂ ಅದು ತೂತಾಗಲು ದಶಕಗಳೇ ಬೇಕು. ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಗಾಡಿ (೧೯೦೮–೧೯೨೭) ಬಹುಕಾಲ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿತ್ತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆ ಕಪ್ಪು ಬಹುಮಟ್ಟಿಗೆ ಆಸ್ಫಾಲ್ಟಿನಿಂದ ತಯಾರಿಸಿ ಒಲೆಯಲ್ಲಿ ಬೇಯಿಸಿ ಗಟ್ಟಿಗೊಳಿಸಿದ ವಾರ್ನಿಷು ಎಂಬುದು ಅಷ್ಟಾಗಿ ತಿಳಿದಿಲ್ಲ. ಪ್ಲಿನಿಯ ರಾಳದ ಸಂಪ್ರದಾಯಕ್ಕೆ ಸೇರಿದುದಾದರೂ ಅದು ತೆಳುವಾದುದು, ಲೋಹಕ್ಕೆ ಬಿಗಿಯಾಗಿ ಅಂಟಿದುದು. ಮುಂದೆ ಬಂದ ದಪ್ಪ ಲೇಪಕ್ಕೂ ಇದಕ್ಕೂ ಹೆಸರಿನ ಬಂಧುತ್ವವಿದೆಯೇ ಹೊರತು ಗುಣದ ಬಂಧುತ್ವವಿಲ್ಲ.

ಪರಿಸ್ಥಿತಿ ಬದಲಾದುದು ಗಾಡಿಯ ರಚನೆ ಬದಲಾದಾಗ. ೧೯೨೨ರ ಲ್ಯಾನ್ಸಿಯಾ ಲ್ಯಾಂಬ್ಡಾ ಗಾಡಿಯಲ್ಲಿ ಪ್ರತ್ಯೇಕ ಚೌಕಟ್ಟನ್ನು ಕೈಬಿಟ್ಟು ಒಡಲನ್ನೇ ಭಾರ ಹೊರುವ ಅಂಗವನ್ನಾಗಿ ಮಾಡಲಾಯಿತು. ೧೯೩೪ರ ಸಿಟ್ರೊಯೆನ್, ೧೯೩೫ರ ಓಪೆಲ್ ಒಲಿಂಪಿಯಾ, ಯುದ್ಧಾನಂತರ ೧೯೪೮ರ ಮಾರಿಸ್ ಮೈನರ್—ಹೀಗೆ ಈ ಏಕಕವಚ ನಿರ್ಮಾಣವು ಸಾಮಾನ್ಯರ ಗಾಡಿಗಳಿಗೂ ಇಳಿದು ಬಂತು. ಮಾರಿಸ್ ಆಕ್ಸ್‌ಫರ್ಡಿನ ಸಂತತಿಯಾಗಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ನಮ್ಮ ಅಂಬಾಸಿಡರ್ ಗಾಡಿಯೂ ಇದೇ ಜಾತಿಗೆ ಸೇರಿದುದು. ಇಲ್ಲಿ ಭಾರ ಹೊರುವುದು ತೊಲೆಯಲ್ಲ, ಸುಮಾರು ಒಂದು ಮಿಲಿಮೀಟರಿಗಿಂತಲೂ ತೆಳುವಾದ ತಗಡು. ಆ ತಗಡನ್ನು ಮಡಿಸಿ, ಪೆಟ್ಟಿಗೆಯಾಕಾರ ಮಾಡಿ, ಅಂಚಿಗೆ ಅಂಚನ್ನಿಟ್ಟು ಚುಕ್ಕೆ ಬೆಸುಗೆ ಹಾಕಿರುತ್ತಾರೆ. ಪೆಟ್ಟಿಗೆಯ ಒಳಭಾಗಕ್ಕೆ ಬಣ್ಣ ತಲಪುವುದಿಲ್ಲ. ಎರಡು ಅಂಚುಗಳ ನಡುವಣ ಸಂದಿಗೆ ನೀರು ತಲಪುತ್ತದೆ. ಹಿಂದಿನ ಗಾಡಿಯಲ್ಲಿ ತುಕ್ಕು ಕುರೂಪವಾಗಿತ್ತು, ಇದರಲ್ಲಿ ಪ್ರಾಣಾಪಾಯವಾಯಿತು.

ಇದೇ ಕಾಲಕ್ಕೆ ಇನ್ನೊಂದು ಬದಲಾವಣೆಯೂ ಬಂತು. ಶೀತದೇಶಗಳಲ್ಲಿ ಚಳಿಗಾಲದ ರಸ್ತೆಯ ಮೇಲಿನ ಮಂಜುಗಡ್ಡೆಯನ್ನು ಕರಗಿಸಲು ಉಪ್ಪು ಚೆಲ್ಲುವ ಪದ್ಧತಿ ಅದು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ ೧೯೩೮ರಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಈ ಕ್ರಮವು ೧೯೪೧–೪೨ರ ಚಳಿಗಾಲದಲ್ಲಿ ಅಲ್ಲಿಯ ನಿಯತ ನೀತಿಯಾಯಿತು. ಯುದ್ಧಾನಂತರ ಹೆದ್ದಾರಿಗಳು ಬೆಳೆದಂತೆ ಉಪ್ಪಿನ ಬಳಕೆಯೂ ಹಲವು ಮಡಿಯಾಯಿತು. ತೆಳುತಗಡಿನ ಏಕಕವಚವೂ ಉಪ್ಪಿನ ರಸ್ತೆಯೂ ಒಂದೇ ತಲೆಮಾರಿನಲ್ಲಿ ಎದುರುಬದುರಾದುದೇ ನಮ್ಮ ವಿಷಯದ ಮೂಲ.

ಆ ಕರಿಯ ಅಡಿಲೇಪವು ಈ ತುಕ್ಕಿಗೆ ಪರಿಹಾರವೆಂದು ಹುಟ್ಟಿದುದೆ? ಹಾಗಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಮರದ ಅಸ್ಥಿಪಂಜರ ಹೋಗಿ ಒಡಲೆಲ್ಲ ಉಕ್ಕಾದಾಗ ಮೊದಲು ಎದುರಾದ ಕಷ್ಟ ತುಕ್ಕಿನದಲ್ಲ, ಸದ್ದಿನದು. ಬರಿಯ ತಗಡಿನ ನೆಲವು ಚಕ್ರದಿಂದ ಸಿಡಿದ ಕಲ್ಲಿಗೆ ಡೋಲಿನಂತೆ ಮೊಳಗುತ್ತಿತ್ತು. ತಗಡಿನ ಕಂಪನವನ್ನು ಅಡಗಿಸಲು ಡಾಂಬರಿನಲ್ಲಿ ತೋಯಿಸಿದ ಫೆಲ್ಟನ್ನು ಅಂಟಿಸುವುದು, ನಾರು ಬೆರೆಸಿದ ಆಸ್ಫಾಲ್ಟನ್ನು ದಪ್ಪನಾಗಿ ಚಿಮುಕಿಸುವುದು ರೂಢಿಗೆ ಬಂತು. ಈ ಕೆಲಸಕ್ಕೆ ದಪ್ಪವೂ ತೂಕವೂ ಗುಣಗಳೇ ಸರಿ. ಯುದ್ಧಾನಂತರ ಅಮೆರಿಕದ ಮಾರಾಟಗಾರರು ಹೊಸ ಗಾಡಿಯನ್ನು ಕೊಳ್ಳುವವನಿಗೆ ಇದೇ ಪದಾರ್ಥವನ್ನು ಪ್ರತ್ಯೇಕ ಶುಲ್ಕಕ್ಕೆ ಬಳಿದು ಕೊಡತೊಡಗಿದಾಗ, ನಿಶ್ಶಬ್ದತೆಯ ಜೊತೆಗೆ ತುಕ್ಕಿನಿಂದ ರಕ್ಷಣೆಯನ್ನೂ ಭರವಸೆಯಾಗಿ ಸೇರಿಸಲಾಯಿತು. ಬ್ರಿಟನ್ನಿನಲ್ಲಿ ‘ಅಂಡರ್‌ಸೀಲ್’ ಎಂಬ ವ್ಯಾಪಾರನಾಮವು ಅಂತಹ ಲೇಪಗಳಿಗೆಲ್ಲ ಸಾಮಾನ್ಯನಾಮವೇ ಆಗಿಹೋಯಿತು. ಸದ್ದಡಗಿಸಲು ಸಲ್ಲುತ್ತಿದ್ದ ಪದಾರ್ಥವೊಂದು ಹೀಗೆ ರಕ್ಷಾಕವಚವೆಂಬ ಬಿರುದನ್ನು ಪಡೆಯಿತು. ದಪ್ಪವಾಗಿದ್ದರೆ ಗಟ್ಟಿ ರಕ್ಷಣೆಯೆಂಬುದು ಕಣ್ಣಿಗೆ ಕಾಣುವ ತರ್ಕ. ಅದನ್ನು ಯಾರೂ ಪ್ರಶ್ನಿಸಲಿಲ್ಲ.

ಪ್ರಶ್ನಿಸಲು ಬೇಕಾದ ವಿಜ್ಞಾನವು ಮಾತ್ರ ಆಗಲೇ ಸಿದ್ಧವಾಗಿತ್ತು. ಕೇಂಬ್ರಿಡ್ಜಿನ ಯುಲಿಕ್ ರಿಚರ್ಡ್‌ಸನ್ ಇವಾನ್ಸರು (೧೮೮೯–೧೯೮೦) ೧೯೨೦ರ ದಶಕದಲ್ಲಿ ನಡೆಸಿದ ಪ್ರಯೋಗಗಳು ತುಕ್ಕಿನ ವಿಷಯದಲ್ಲಿ ಯುಗಪ್ರವರ್ತಕವಾದುವು. ಅವುಗಳಲ್ಲೊಂದನ್ನು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಾದರೂ ಇಂದೇ ಮಾಡಿ ನೋಡಬಹುದು. ಶುಭ್ರವಾಗಿ ಉಜ್ಜಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಡಬೇಕು. ಕಬ್ಬಿಣವು ಕರಗಿದಲ್ಲಿ ನೀಲಿ ಬಣ್ಣವನ್ನೂ ಕ್ಷಾರವುಂಟಾದಲ್ಲಿ ನಸುಗೆಂಪನ್ನೂ ತೋರಿಸುವ ಸೂಚಕಗಳನ್ನು ಆ ನೀರಿನಲ್ಲಿ ಮೊದಲೇ ಬೆರೆಸಿರಬೇಕು. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿಯೂ ಸುತ್ತಂಚಿನಲ್ಲಿ ನಸುಗೆಂಪೂ ಮೂಡುತ್ತವೆ. ಎರಡರ ನಡುವೆ ತುಕ್ಕಿನ ಉಂಗುರ ನಿಲ್ಲುತ್ತದೆ. ಅಂಚಿನಲ್ಲಿ ಗಾಳಿಯ ಆಮ್ಲಜನಕವು ಯಥೇಚ್ಛವಾಗಿ ದೊರೆಯುತ್ತದೆ, ನಡುವೆ ದೊರೆಯುವುದಿಲ್ಲ. ಸಾಮಾನ್ಯ ಬುದ್ಧಿಗೆ ವಿರುದ್ಧವಾಗಿ, ಲೋಹವು ಕರಗುವುದು ಆಮ್ಲಜನಕ ಹೆಚ್ಚಿರುವಲ್ಲಿ ಅಲ್ಲ, ಕಡಿಮೆಯಿರುವಲ್ಲಿ. ಗಾಳಿಯಿರುವ ಭಾಗವೂ ಗಾಳಿಯಿಲ್ಲದ ಭಾಗವೂ ಸೇರಿ ಒಂದು ವಿದ್ಯುತ್ಕೋಶವಾಗುತ್ತವೆ; ಗಾಳಿಯಿಲ್ಲದ ಭಾಗವು ಆನೋಡ್ ಆಗಿ ಸವೆಯುತ್ತದೆ. ತುಕ್ಕಿನ ಕೆಂಪು ಕಾಣುವ ಸ್ಥಳ ಒಂದು, ಲೋಹವು ನಷ್ಟವಾಗುವ ಸ್ಥಳ ಮತ್ತೊಂದು ಎಂಬುದು ಈ ಪ್ರಯೋಗದ ಸಾರ.

ಇದನ್ನು ಗಾಡಿಯ ತಳಕ್ಕೆ ಅನ್ವಯಿಸಿ ನೋಡೋಣ. ಬಳಿದ ಹೊಸತರಲ್ಲಿ ಆಸ್ಫಾಲ್ಟ್ ಲೇಪವು ಮೆತ್ತಗಿರುತ್ತದೆ. ವರ್ಷಗಳು ಕಳೆದಂತೆ ಅದರ ದ್ರಾವಕಗಳೂ ಎಣ್ಣೆಯ ಅಂಶಗಳೂ ಆರಿಹೋಗಿ ಅದು ಬಿರುಸಾಗುತ್ತದೆ. ಒಡಲು ಅದುರಿದಾಗ ಬಿರುಕು ಬಿಡುತ್ತದೆ. ಕಲ್ಲು ಬಡಿದಲ್ಲಿ ಚಕ್ಕೆ ಏಳುತ್ತದೆ. ಬಿರುಕಿನ ಮೂಲಕ ಒಳಗಿಳಿದ ಉಪ್ಪುನೀರು ಲೇಪಕ್ಕೂ ಉಕ್ಕಿಗೂ ನಡುವೆ ಹರಡುತ್ತದೆ. ಹೊರಗಿನ ನೀರು ಗಾಳಿಗೆ ಒಣಗುತ್ತದೆ, ಒಳಗಿನದು ಒಣಗುವಂತಿಲ್ಲ. ಬಿರುಕಿನ ಬಾಯಲ್ಲಿ ಆಮ್ಲಜನಕವಿದೆ, ಲೇಪದ ಕೆಳಗೆ ಇಲ್ಲ. ಇವಾನ್ಸರ ಹನಿಯೇ ಇಲ್ಲಿ ಚಪ್ಪಟೆಯಾಗಿ ಹಾಸಿಕೊಂಡು ಕುಳಿತಿದೆ. ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹಲವು ಪಾಲು ಹೆಚ್ಚು ಜಾಗವನ್ನು ಬೇಡುವುದರಿಂದ ಲೇಪವನ್ನು ಇನ್ನಷ್ಟು ಎತ್ತುತ್ತದೆ, ಇನ್ನಷ್ಟು ನೀರು ಬರುತ್ತದೆ. ಹೊರಗಿನಿಂದ ನೋಡುವವನಿಗೆ ಕಪ್ಪು ಹೊದಿಕೆ ಅಖಂಡವಾಗಿಯೇ ಕಾಣುತ್ತಿರುತ್ತದೆ. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಕುಸಿದೀತು. ಲೇಪವೇ ಇಲ್ಲದ ಬರಿಯ ಉಕ್ಕಾಗಿದ್ದರೆ ಅದು ತುಕ್ಕಾದರೂ ಕಣ್ಣೆದುರಿಗಾಗುತ್ತಿತ್ತು, ಒಣಗಲು ಅವಕಾಶವಿರುತ್ತಿತ್ತು.

ಇನ್ನೊಂದು ಸಂಶೋಧನೆಯು ಬಣ್ಣದ ಬಗೆಗಿನ ಕಲ್ಪನೆಯನ್ನೇ ಬದಲಿಸಿತು. ಕೇಂಬ್ರಿಡ್ಜಿನಲ್ಲಿಯೇ ೧೯೫೦ರ ಆಸುಪಾಸಿನಲ್ಲಿ ಜೆ. ಇ. ಓ. ಮೇನ್ ಎಂಬವರು ಬಣ್ಣದ ಪದರಗಳ ಮೂಲಕ ಎಷ್ಟು ನೀರು, ಎಷ್ಟು ಆಮ್ಲಜನಕ ನುಸುಳುತ್ತದೆಂದು ಲೆಕ್ಕಹಾಕಿದರು. ಸಾಮಾನ್ಯ ಬಣ್ಣದ ಪದರವು ಬರಿಯ ಉಕ್ಕು ತುಕ್ಕಾಗಲು ಬೇಕಾದಷ್ಟು ನೀರನ್ನೂ ಆಮ್ಲಜನಕವನ್ನೂ ಒಳಬಿಡುತ್ತದೆಂದು ತಿಳಿದುಬಂತು. ಹಾಗಾದರೆ ಬಣ್ಣ ಬಳಿದ ಉಕ್ಕು ಉಳಿಯುವುದಾದರೂ ಹೇಗೆ? ಪದರವು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು, ವಿದ್ಯುದಂಶಯುಕ್ತ ಕಣಗಳ ಸಂಚಾರಕ್ಕೆ ಪ್ರತಿರೋಧವೊಡ್ಡುವುದರಿಂದ. ಇಲ್ಲವೆ ಕೆಂಪುಸೀಸದಲ್ಲಾಗುವಂತೆ, ಎಣ್ಣೆಯ ಆಮ್ಲಗಳೊಡನೆ ಸೀಸವು ಸೇರಿ ಉಂಟಾಗುವ ಸಾಬೂನಿನಂತಹ ಲವಣಗಳು ಲೋಹದ ಮೇಲ್ಮೈಯನ್ನು ನಿಷ್ಕ್ರಿಯಗೊಳಿಸುವುದರಿಂದ. ಪ್ಲಿನಿಯ ಎರಡು ಸಂಪ್ರದಾಯಗಳ ಅಂತರವು ಇಷ್ಟು ಶತಮಾನಗಳ ಮೇಲೆ ಸ್ಪಷ್ಟವಾಯಿತು. ನೀರನ್ನು ಹೊರಗಿಡುವುದೇ ಲೇಪದ ಧರ್ಮವೆಂಬ ಗ್ರಹಿಕೆ ತಪ್ಪು; ಅಂಟಿಕೊಳ್ಳುವುದೇ ಅದರ ಧರ್ಮ. ಅಂಟಿನ ಬಿಗಿಗೂ ದಪ್ಪಕ್ಕೂ ಅನೇಕ ವೇಳೆ ವೈರವುಂಟೆಂಬುದನ್ನು ಗೋಡೆಗೆ ದಪ್ಪನೆ ಸುಣ್ಣ ಬಳಿದು ಉದುರಿಸಿಕೊಂಡ ಗೃಹಸ್ಥರೆಲ್ಲ ಬಲ್ಲರು.

ಇಷ್ಟಾಗಿಯೂ ಕರಿಯ ಲೇಪದ ವ್ಯಾಪಾರವು ೧೯೫೦, ೬೦, ೭೦ರ ದಶಕಗಳುದ್ದಕ್ಕೂ ನಡೆಯಿತು. ಪ್ರಯೋಗಶಾಲೆಯ ತಿಳಿವಳಿಕೆಗೂ ಕಾರ್ಯಾಗಾರದ ರೂಢಿಗೂ ನಡುವೆ ಸುಮಾರು ಅರ್ಧ ಶತಮಾನದ ಕಂದಕವಿತ್ತೆಂಬುದೇ ಈ ಚರಿತ್ರೆಯ ಮುಖ್ಯಾಂಶ. ಅದರ ಬೆಲೆಯನ್ನು ಒಂದು ಸರಕಾರಿ ವರದಿಯು ಲೆಕ್ಕಕ್ಕಿಳಿಸಿದೆ. ೧೯೭೧ರಲ್ಲಿ ಟಿ. ಪಿ. ಹೋರರ ಅಧ್ಯಕ್ಷತೆಯ ಸಮಿತಿಯು ಬ್ರಿಟನ್ನಿಗೆ ಲೋಹಕ್ಷಯದಿಂದ ವರ್ಷಕ್ಕೆ ೧೩೬೫ ದಶಲಕ್ಷ ಪೌಂಡು ನಷ್ಟವಾಗುತ್ತಿದೆಯೆಂದೂ, ಇದು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ಮೂರೂವರೆ ಪಾಲೆಂದೂ ಅಂದಾಜು ಮಾಡಿತು. ಮೋಟಾರು ಗಾಡಿಯೊಂದರ ಲೆಕ್ಕವಲ್ಲ ಅದು, ಎಲ್ಲ ಉದ್ಯಮಗಳದೂ ಸೇರಿದೆ. ಆದರೆ ಅದೇ ವರದಿಯ ಇನ್ನೊಂದು ಅಂಕಿಯು ನಮ್ಮ ಪ್ರಮೇಯಕ್ಕೆ ಹೆಚ್ಚು ಸಲ್ಲುವಂತಹುದು: ಹೊಸ ಸಂಶೋಧನೆಯೇ ಬೇಕಿಲ್ಲದೆ, ಆಗಲೇ ತಿಳಿದಿದ್ದುದನ್ನು ಆಚರಣೆಗೆ ತಂದರೆ ೩೧೦ ದಶಲಕ್ಷ ಪೌಂಡು ಉಳಿಯುವುದೆಂದು ಸಮಿತಿಯು ಹೇಳಿತು.

ಕರಿಯ ಲೇಪದ ಇನ್ನೊಂದು ಉಪಯೋಗವು ನೈತಿಕವಾಗಿ ಹೀನವಾದುದು. ಬ್ರಿಟನ್ನಿನಲ್ಲಿ ೧೯೬೦ರಲ್ಲಿ ಹಳೆಯ ಗಾಡಿಗಳ ಕಡ್ಡಾಯ ವಾರ್ಷಿಕ ಪರೀಕ್ಷೆ ಜಾರಿಗೆ ಬಂದಿತು. ೧೯೭೭ರಿಂದ ಒಡಲಿನ ಮತ್ತು ಚೌಕಟ್ಟಿನ ದೃಢತೆಯೂ ಪರೀಕ್ಷೆಗೆ ಒಳಪಟ್ಟಿತು. ತೂತಿಗೆ ಕಾಗದವನ್ನೋ ನಾರನ್ನೋ ತುರುಕಿ, ಮೇಲೆ ದಪ್ಪನಾಗಿ ಅಡಿಲೇಪ ಬಳಿದು, ಗಟ್ಟಿ ಗಾಡಿಯೆಂದು ಮಾರುವ ವಂಚನೆಗೆ ಈ ಪದಾರ್ಥದಷ್ಟು ಅನುಕೂಲವಾದುದು ಮತ್ತೊಂದಿರಲಿಲ್ಲ. ಪರೀಕ್ಷಕರು ಪುಟ್ಟ ಸುತ್ತಿಗೆಯಿಂದ ತಳವನ್ನು ತಟ್ಟಿ ನಾದವನ್ನು ಆಲಿಸಿ ನಿರ್ಣಯಿಸುವ ಕ್ರಮ ರೂಢಿಯಾಯಿತು. ಗಡಿಗೆ ಕೊಳ್ಳುವ ನಮ್ಮ ಗೃಹಿಣಿಯರ ಕ್ರಮವೂ ಇದೇ.

ಪರಿಹಾರವು ಎರಡು ದಿಕ್ಕುಗಳಿಂದ ಬಂತು. ಕಾರ್ಖಾನೆಯ ದಿಕ್ಕಿನಲ್ಲಿ, ೧೯೬೦ರ ದಶಕದ ಆರಂಭದಲ್ಲಿ ಫೋರ್ಡ್ ಸಂಸ್ಥೆಯ ಜಾರ್ಜ್ ಬ್ರೂವರರು ಒಡಲನ್ನಿಡೀ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಪೂರ್ವಲೇಪವನ್ನು ಕೂರಿಸುವ ಕ್ರಮವನ್ನು ಬಳಕೆಗೆ ತಂದರು. ಕುಂಚವಾಗಲಿ ಚಿಮುಕವಾಗಲಿ ತಲಪದ ಸಂದಿಗೂ ವಿದ್ಯುತ್ತು ಬಣ್ಣವನ್ನು ಒಯ್ಯುತ್ತದೆ. ೧೯೭೦ರ ದಶಕದ ಉತ್ತರಾರ್ಧದಲ್ಲಿ ಈ ಕ್ರಮವು ಇನ್ನೂ ಸುಧಾರಿಸಿತು. ಸತು ಲೇಪಿಸಿದ ಉಕ್ಕು ೧೯೭೫ರಲ್ಲಿ ಪೋರ್ಷೆ ೯೧೧ಕ್ಕೂ, ೧೯೮೫ರಲ್ಲಿ ಔಡಿ ೧೦೦ಕ್ಕೂ ಬಂದಾಗ ಡೇವಿ ಮತ್ತು ಸೊರೆಲರ ಮಾರ್ಗವು ಮೋಟಾರು ಗಾಡಿಯನ್ನು ಮುಟ್ಟಿತು. ಕಾರ್ಯಾಗಾರದ ದಿಕ್ಕಿನಲ್ಲಿ ಬಂದುದು ಮೇಣ. ಎರಡನೆಯ ಮಹಾಯುದ್ಧದಲ್ಲಿ ಕಡಲು ದಾಟುವ ಬಂದೂಕುಗಳಿಗೆ ‘ಕಾಸ್ಮೊಲಿನ್’ ಎಂಬ ಪೆಟ್ರೋಲಿಯಂ ಮೇಣವನ್ನು ಸವರಿ ಕಳುಹಿಸುತ್ತಿದ್ದರು. ಆ ಜಾತಿಯ ಪದಾರ್ಥಗಳನ್ನು ತೆಳುಮಾಡಿ, ಉದ್ದ ನಳಿಕೆಯ ಮೂಲಕ ಗಾಡಿಯ ಟೊಳ್ಳುಗಳೊಳಕ್ಕೆ ಚಿಮುಕಿಸುವ ಕ್ರಮವನ್ನು ಉದ್ಯಮವಾಗಿಸಿದವರಲ್ಲಿ ೧೯೫೯ರಲ್ಲಿ ಡೆಟ್ರಾಯಿಟಿನಲ್ಲಿ ಅಂಗಡಿ ತೆರೆದ ಜರ್ಮನ್ ಮೂಲದ ಕುಶಲಕರ್ಮಿ ಕುರ್ಟ್ ಜೀಬಾರ್ಟ್ ಪ್ರಸಿದ್ಧರು. ಮೇಣವು ಗಟ್ಟಿ ಕವಚವಲ್ಲ. ಅದು ಸಂದಿಗೆ ಹರಿಯುತ್ತದೆ, ನೀರನ್ನು ಪಲ್ಲಟಗೊಳಿಸುತ್ತದೆ, ಗೀರು ಬಿದ್ದರೆ ಸ್ವಲ್ಪಮಟ್ಟಿಗೆ ತಾನೇ ಕೂಡಿಕೊಳ್ಳುತ್ತದೆ. ಮತ್ತೆ ಮತ್ತೆ ಹಾಕಬೇಕೆಂಬುದು ಅದರ ದೋಷ.

ಇಲ್ಲಿ ಪ್ರಾಸಂಗಿಕವಾಗಿ ನಮ್ಮ ಕಡೆಯ ಎರಡು ವಾಡಿಕೆಗಳನ್ನು ನೆನೆಯಬಹುದು. ಕರಾವಳಿಯ ಮೊಗವೀರರು ದೋಣಿಗಳಿಗೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದುದು ಪ್ರಸಿದ್ಧ. ಅದು ಮರದ ರಕ್ಷಣೆಗೆ. ಆದರೆ ಒಣಗಿ ಪದರಗಟ್ಟುವ ಮೀನೆಣ್ಣೆಯ ಗುಣವೇ ೧೯೨೧ರಲ್ಲಿ ಅಮೆರಿಕದಲ್ಲಿ ಸ್ಕಾಟ್ಲೆಂಡ್ ಮೂಲದ ನಾವಿಕ ರಾಬರ್ಟ್ ಫರ್ಗುಸನ್ ಸ್ಥಾಪಿಸಿದ ‘ರಸ್ಟ್ ಓಲಿಯಂ’ ಉದ್ಯಮಕ್ಕೆ ಆಧಾರವಾಯಿತು. ಎರಡನೆಯದು, ಮಳೆಗಾಲಕ್ಕೆ ಮುಂಚೆ ಗಾಡಿಯ ತಳವನ್ನು ತೊಳೆಸಿ ಎಣ್ಣೆ ಸಿಂಪಡಿಸುವ ನಮ್ಮ ಗ್ಯಾರೇಜುಗಳ ಪದ್ಧತಿ. ಇದನ್ನು ಅಜ್ಞಾನವೆಂದು ನಗುವವರುಂಟು. ಇವಾನ್ಸರ ದೃಷ್ಟಿಯಿಂದ ನೋಡಿದರೆ ಬಿರುಸಾದ ಕರಿಯ ಹೊದಿಕೆಗಿಂತ ಈ ಜಿಡ್ಡಿನ ಪದರವೇ ವಾಸಿ, ಏಕೆಂದರೆ ಅದು ನೀರನ್ನು ಬಚ್ಚಿಡುವುದಿಲ್ಲ. ರಬ್ಬರಿನ ಭಾಗಗಳು ಊದಿಕೊಳ್ಳುವುದು, ತೊಟ್ಟಿಕ್ಕಿ ಮಣ್ಣು ಕೆಡುವುದು ಇದರ ದೋಷಗಳು; ಅವು ಬೇರೆ ಮಾತು.

ಈಗ ಜೀರ್ಣೋದ್ಧಾರದ ಪ್ರಶ್ನೆಗೆ ಬರೋಣ. ದಿನನಿತ್ಯದ ಗಾಡಿಯ ಒಡೆಯನಿಗೆ ಉಕ್ಕು ಉಳಿದರೆ ಸಾಕು. ಪುರಾತನ ಗಾಡಿಯನ್ನು ಕೈಗೆತ್ತಿಕೊಂಡವನ ಮೇಲೆ ಎರಡು ಹೊಣೆಗಳಿವೆ: ಉಕ್ಕನ್ನು ಉಳಿಸಬೇಕು, ಸಾಕ್ಷ್ಯವನ್ನೂ ಉಳಿಸಬೇಕು. ತಳಭಾಗದಲ್ಲಿ ಕಾರ್ಖಾನೆಯ ಕೆಂಪು ಆಕ್ಸೈಡ್ ಪೂರ್ವಲೇಪ, ಮೇಲಿನ ಬಣ್ಣ ಚಿಮುಕಿಸುವಾಗ ಕೆಳಕ್ಕೆ ಹಾರಿದ ಹನಿಗಳು, ತನಿಖೆಗಾರನ ಸೀಮೆಸುಣ್ಣದ ಗುರುತು, ಹಿಂದೆ ಮಾಡಿದ ಬೆಸುಗೆಯ ಗಾಯ—ಇವೆಲ್ಲ ಪದರಪದರವಾಗಿ ಇರುತ್ತವೆ. ಇದು ಉತ್ಖನನದ ಮಣ್ಣಿನ ಪದರಗಳಿಗೆ ಸಮಾನವಾದ ಆಕರ. ಪ್ರದರ್ಶನದ ಸ್ಪರ್ಧೆಗಳಲ್ಲಿ ತಳವೂ ಕನ್ನಡಿಯಂತೆ ಹೊಳೆಯಬೇಕೆಂಬ ಚಪಲದಿಂದ ಇವನ್ನೆಲ್ಲ ಕೆರೆದು ಎಸೆದು, ಕಾರ್ಖಾನೆಯಲ್ಲಿ ಎಂದೂ ಇದ್ದಿರದ ಹೊಳಪನ್ನು ತರುವುದುಂಟು. ನಮ್ಮ ದೇವಾಲಯಗಳಲ್ಲಿ ಶಾಸನದ ಅಕ್ಷರಗಳ ಮೇಲೆ ಭಕ್ತಿಯಿಂದ ಎಣ್ಣೆಬಣ್ಣ ಬಳಿದಂತೆಯೇ ಇದೂ. ೨೦೧೨ರಲ್ಲಿ ಪುರಾತನ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ವು ಅಂಗೀಕರಿಸಿದ ಟ್ಯೂರಿನ್ ಸನ್ನದು, ೧೯೬೪ರ ವೆನಿಸ್ ಸನ್ನದಿನ ಮಾರ್ಗವನ್ನನುಸರಿಸಿ, ಕನಿಷ್ಠ ಹಸ್ತಕ್ಷೇಪವನ್ನೂ ಮಾಡಿದ ಕೆಲಸದ ದಾಖಲೆಯನ್ನೂ ಒತ್ತಿಹೇಳಿದೆ. ೨೦೦೯ರಲ್ಲಿ ಸ್ವಿಟ್ಜರ್ಲೆಂಡಿನ ಮಜ್ಜೋರೆ ಸರೋವರದ ತಳದಿಂದ ಎತ್ತಿದ ೧೯೨೫ರ ಬುಗಾಟಿ ಗಾಡಿಯನ್ನು ಕೊಂಡವರು ಅದನ್ನು ಹೊಸದಾಗಿಸದೆ, ತುಕ್ಕು ತಿಂದ ಸ್ಥಿತಿಯಲ್ಲಿಯೇ ಪ್ರದರ್ಶಿಸಿದುದು ಇದರ ಒಂದು ತುದಿಯ ಉದಾಹರಣೆ. ರಸ್ತೆಗಿಳಿಯುವ ಗಾಡಿಗೆ ಆ ದಾರಿ ಹೊಂದದು. ತುಕ್ಕು ತಿಂದ ನೆಲದ ಮೇಲೆ ಮನುಷ್ಯರು ಕೂರಬೇಕಾಗಿದೆ.

ಹೀಗಿರಲು, ಲೇಪವನ್ನು ಆರಿಸುವವನು ಮೊದಲು ಕೇಳಬೇಕಾದುದು ‘ಯಾವುದು ಬಲವಾದುದು’ ಎಂದಲ್ಲ. ‘ಈ ಗಾಡಿ ಯಾವ ವರ್ಷದ್ದು, ಇದರ ತಳದಲ್ಲಿ ಮೂಲತಃ ಏನಿತ್ತು, ಇದು ಇನ್ನು ಮುಂದೆ ಎಲ್ಲಿ ನಿಲ್ಲುತ್ತದೆ’ ಎಂದು. ಚೌಕಟ್ಟಿನ ಮೇಲೆ ಕಟ್ಟಿದ ೧೯೨೦ರ ದಶಕದ ಗಾಡಿಗೆ ಕರಿಯ ಅಡಿಲೇಪ ಬಳಿಯುವುದು ಕಾಲವಿರುದ್ಧ. ತೆಳುವಾದ ಕಪ್ಪು ಬಣ್ಣ, ಅದರ ಮೇಲೆ ಪಾರದರ್ಶಕ ಮೇಣ ಸಾಕು. ೧೯೫೦ರ ದಶಕದ ಏಕಕವಚದ ಗಾಡಿಯಲ್ಲಿ ಮೂಲ ಲೇಪವೇ ಇದ್ದು ಅದು ಬಿಗಿಯಾಗಿ ಅಂಟಿದ್ದರೆ ಕೀಳಬೇಕಾಗಿಲ್ಲ. ಸಡಿಲವಾದುದನ್ನಷ್ಟೇ ತೆಗೆದು ಅಂಚುಗಳನ್ನು ಮುಚ್ಚುವುದೇ ಯುಕ್ತ.

ಪೂರ್ತಿ ತೆಗೆಯಬೇಕಾದಾಗ ತಾಳ್ಮೆ ಅವಶ್ಯ. ಹಿತವಾದ ಬಿಸಿಗಾಳಿ ಮತ್ತು ಹಲಗೆಯುಳಿ ಹಳೆಯ ಕ್ರಮ. ಶೂನ್ಯಕ್ಕಿಂತ ೭೮ ಡಿಗ್ರಿ ಕೆಳಗಿರುವ ಘನ ಇಂಗಾಲಾಮ್ಲವನ್ನು ಎರಚಿ ಲೇಪವನ್ನು ಬಿರುಸುಗೊಳಿಸಿ ಉದುರಿಸುವುದು ಹೊಸ ಕ್ರಮ. ಮರಳನ್ನು ಬಿರುಸಾಗಿ ಹೊಡೆದರೆ ತೆಳುತಗಡು ಸೊಟ್ಟಾಗುತ್ತದೆ. ಹಳೆಯ ಪೂ‍ರ್ವಲೇಪಗಳಲ್ಲಿ ಸೀಸವೂ, ಕೆಲವು ಕರಿಯ ಲೇಪಗಳಲ್ಲಿ ಕಲ್ನಾರೂ ಇರುವುದರಿಂದ ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಅಪಾಯಕರ. ಬೆಸುಗೆಯ ಕೆಲಸವೆಲ್ಲ ಲೇಪಕ್ಕೆ ಮೊದಲೇ ಮುಗಿಯಬೇಕು, ಮೇಣಕ್ಕೆ ಬೆಂಕಿ ಹತ್ತುತ್ತದೆ. ತುಕ್ಕನ್ನು ತೆಗೆದ ಮೇಲೆಯೂ ಉಕ್ಕಿನ ಸಣ್ಣ ಗುಳಿಗಳಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ. ಸಿಹಿನೀರಿನಿಂದ ತೊಳೆದು ಕೂಡಲೇ ಒಣಗಿಸದೆ ಬಣ್ಣ ಬಳಿದರೆ ಶತ್ರುವನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಆ ಮೇಲೆ ಲೋಹಕ್ಕೆ ನೇರವಾಗಿ ಎರಡು ದ್ರವಗಳನ್ನು ಬೆರೆಸಿ ಬಳಿಯುವ ಎಪಾಕ್ಸಿ ಪೂರ್ವಲೇಪ, ಬೆಸುಗೆಯ ಅಂಚುಗಳಿಗೆ ಸಂದಿ ತುಂಬುವ ಅಂಟು, ಚಕ್ರದ ಕಲ್ಲು ಬಡಿಯುವ ಕಮಾನುಗಳಿಗೆ ಮಾತ್ರ ಮೆತ್ತಗಿನ ತೆಳುಲೇಪ, ಅದರ ಮೇಲೆ ಬಣ್ಣ, ಕಟ್ಟಕಡೆಗೆ ಟೊಳ್ಳುಗಳಿಗೆ ಮೇಣ. ನೀರು ಇಳಿದುಹೋಗಲು ತಯಾರಕರು ಬಿಟ್ಟಿರುವ ತೂತುಗಳನ್ನು ಮುಚ್ಚಬಾರದು; ಗಾಡಿಗಳನ್ನು ಕೊಂದ ಕೆಲಸಗಳಲ್ಲಿ ಇದಕ್ಕೆ ಅಗ್ರಸ್ಥಾನ. ಬ್ರೇಕಿನ ರಬ್ಬರು ಕೊಳವೆ, ಚಾಲಕದಂಡ, ಹೊಗೆಗೊಳವೆ ಇವುಗಳಿಗೆ ಲೇಪ ತಾಗಕೂಡದು.

ಹವೆಯ ವಿಚಾರದಲ್ಲಿ ನಮ್ಮ ಪ್ರಾಂತಗಳ ನಡುವೆಯೇ ಭೇದವಿದೆ. ಉಕ್ಕಿನ ಮೈಯ ಉಷ್ಣತೆಯು ಇಬ್ಬನಿಯ ಬಿಂದುವಿಗಿಂತ ಕನಿಷ್ಠ ಮೂರು ಡಿಗ್ರಿ ಹೆಚ್ಚಿರಬೇಕೆಂಬುದು ಲೇಪನಕಾರರ ಸಾಮಾನ್ಯ ನಿಯಮ. ಆಷಾಢದ ಮಂಗಳೂರಿನಲ್ಲಿ ತೆರೆದ ಕೊಟ್ಟಿಗೆಯಲ್ಲಿ ಈ ನಿಯಮವನ್ನು ಪಾಲಿಸುವುದು ದುಸ್ಸಾಧ್ಯ. ಅಲ್ಲಿ ಈ ಕೆಲಸಕ್ಕೆ ಪುಷ್ಯ ಮಾಘಗಳೇ ಸರಿಯಾದ ಕಾಲ. ೧೯೩೦ರ ದಶಕದಲ್ಲಿ ಡಬ್ಲ್ಯು. ಎಚ್. ಜೆ. ವರ್ನನ್ನರು ಗಾಳಿಯ ತೇವವು ನೂರಕ್ಕೆ ಸುಮಾರು ಅರುವತ್ತನ್ನು ದಾಟಿದಾಗ ಉಕ್ಕು ತೀವ್ರವಾಗಿ ಕೆಡತೊಡಗುವುದೆಂದು ತೋರಿಸಿದರು. ಆ ಮಿತಿಯ ಕೆಳಗಿರುವ ಕೋಣೆಯಲ್ಲಿ ನಿಂತ ಗಾಡಿಗೆ ಯಾವ ಅಡಿಲೇಪವೂ ಅಷ್ಟಾಗಿ ಬೇಕಿಲ್ಲ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ೧೮೪೩ರ ‘ಗ್ರೇಟ್ ಬ್ರಿಟನ್’ ಎಂಬ ಕಬ್ಬಿಣದ ಹಡಗನ್ನು ೨೦೦೫ರಿಂದ ರಕ್ಷಿಸುತ್ತಿರುವುದು ಬಣ್ಣವಲ್ಲ, ಅದರ ತಳದ ಸುತ್ತ ನೂರಕ್ಕೆ ಇಪ್ಪತ್ತರ ತೇವಕ್ಕೆ ಇಳಿಸಿದ ಗಾಳಿ. ಘಟ್ಟದ ಬುಡದ ಅತಿವೃಷ್ಟಿಯ ಊರಿನಲ್ಲಿ ನಿಲ್ಲುವ ಗಾಡಿಗೂ ಮೈಸೂರು ಸೀಮೆಯ ಬಯಲಿನಲ್ಲಿ ನಿಲ್ಲುವ ಗಾಡಿಗೂ ಒಂದೇ ಚಿಕಿತ್ಸೆಯನ್ನು ವಿಧಿಸಲಾಗದು.

ಅಂಬಾಸಿಡರ್ ಗಾಡಿಗಳು ಈಗಾಗಲೇ ಸಂಗ್ರಾಹಕರ ಕೈ ಸೇರುತ್ತಿವೆ. ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿದ ಆ ಒಡಲಿನ ತಳದಲ್ಲಿ ಕಾರ್ಖಾನೆಯ ಲೇಪಗಳು ಯಾವ ವರ್ಷದಲ್ಲಿ ಹೇಗೆ ಬದಲಾದುವೆಂಬುದನ್ನು ಗಾಡಿಗಳಿಂದಲೇ ಓದಬೇಕು. ಅದಕ್ಕೆ ಈಗಲೂ ಕಾಲ ಮಿಂಚಿಲ್ಲ. ಜೀರ್ಣೋದ್ಧಾರಕ್ಕೆ ಕೈಹಾಕುವವರು ತಳವನ್ನು ಕೆರೆಯುವ ಮೊದಲು ಛಾಯಾಚಿತ್ರಗಳನ್ನು ತೆಗೆದಿಟ್ಟು, ಹಿಂದಿನ ಆಸನದ ಕೆಳಭಾಗದಂತಹ ಮರೆಯ ಸ್ಥಳದಲ್ಲಿ ಅಂಗೈಯಗಲದ ಒಂದು ಚೌಕವನ್ನು ಮುಟ್ಟದೆ, ಅದರ ಮೇಲೆ ತೆಳುಮೇಣವನ್ನಷ್ಟೇ ಸವರಿ, ಹಾಗೆಯೇ ಬಿಡಬೇಕು. ಬಿಟ್ಟ ಸ್ಥಳವನ್ನೂ ವರ್ಷವನ್ನೂ ಬಳಸಿದ ಪದಾರ್ಥಗಳ ಹೆಸರನ್ನೂ ಒಂದು ಕಾಗದದಲ್ಲಿ ಬರೆದು ಗಾಡಿಯ ದಾಖಲೆಗಳೊಡನೆ ಇಡಬೇಕು.